ಕಮ್ಯೂನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಓದಿ ಮೊದಲ ಕೆಲಸ ಹಿಡಿಯೋದು ಹೇಗೆ

ಅಮೆರಿಕದ ಬೇ ಏರಿಯಾದಲ್ಲಿ (ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳು) ಯಾವ ಯುಗಾದಿ ಊಟಕ್ಕೆ ಹೋದರೂ, ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಕೇಳುತ್ತಾರೆ. "ನಾನು ಊರಲ್ಲಿ ಬಿ.ಕಾಂ. ಮಾಡಿದ್ದೀನಿ, ಇಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಬೇಕು ಅಂತಿದೆ, ಮತ್ತೆ ಮೊದಲಿಂದ ಓದಬೇಕಾ?" ಮೊದಲಿಂದ ಬೇಡ. ಆದರೆ ಸ್ವಲ್ಪ ಓದಬೇಕು. ಎಷ್ಟು, ಎಲ್ಲಿ, ಯಾಕೆ ಅನ್ನೋದನ್ನು ಪ್ರತಿ ಸಲ ಪಾಯಸ ಆರುವವರೆಗೂ ಹೇಳೋದಕ್ಕಿಂತ ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನೂ ಇದೇ ದಾರಿಯಲ್ಲಿ ಬಂದವಳು. ಈಗ ಒಂದು ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಕೆಲಸ, ಅಂದರೆ ಕಂಪನಿಗೆ ಬರುವ ಬಿಲ್ಲುಗಳನ್ನು ಪರೀಕ್ಷೆ ಮಾಡಿ ದುಡ್ಡು ಕಟ್ಟುವ ಕೆಲಸ.

ಮೊದಲು ಕಾಲೇಜಿನ ವಿಷಯ. ಕಮ್ಯೂನಿಟಿ ಕಾಲೇಜು ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಎರಡು ವರ್ಷದ ಕಾಲೇಜು. ಹದಿನೆಂಟು ತುಂಬಿದವರು ಯಾರು ಬೇಕಾದರೂ ಸೇರಬಹುದು, ಮೆರಿಟ್ ಲಿಸ್ಟ್ ಇಲ್ಲ, ಕಟ್ ಆಫ್ ಇಲ್ಲ, ಡೊನೇಷನ್ ಅಂತೂ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಕುಪರ್ಟಿನೋದ ಡಿ ಆಂಜಾ, ಫ್ರೀಮಾಂಟಿನ ಓಲೋನಿ, ಸಾಂತಾ ಕ್ಲಾರಾದ ಮಿಷನ್, ಹೀಗೆ ನಮ್ಮವರು ಜಾಸ್ತಿ ಇರುವ ಊರುಗಳ ಮಗ್ಗುಲಲ್ಲೇ ಒಂದೊಂದು ಸಿಗುತ್ತದೆ. ಕ್ಲಾಸಿನಲ್ಲಿ ಪಕ್ಕದ ಬೆಂಚಿನಲ್ಲಿ ಹತ್ತೊಂಬತ್ತರ ಹುಡುಗ ಇರುತ್ತಾನೆ, ಮುಂದೆ ಮೊಮ್ಮಕ್ಕಳಿರುವ ಅಜ್ಜಿ ಇರುತ್ತಾರೆ. ಯಾರೂ ಯಾರನ್ನೂ ವಿಚಿತ್ರವಾಗಿ ನೋಡೋದಿಲ್ಲ. "ಈ ವಯಸ್ಸಲ್ಲಿ ಬ್ಯಾಗ್ ಹಾಕ್ಕೊಂಡು ಹೋಗೋದಾ" ಅನ್ನುವ ನಾಚಿಕೆ ಒಂದು ವಾರದಲ್ಲಿ ಹೋಗುತ್ತದೆ.

ಫೀಸಿನ ಲೆಕ್ಕ ಯೂನಿಟ್ ಮೇಲೆ, ಅಂದರೆ ಕೋರ್ಸಿನ ಗಾತ್ರ ಅಳೆಯುವ ಅಂಕದ ಮೇಲೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, 2012ರಿಂದ ನಡೆದುಬಂದಿರುವ ದರ ಇದು. ನಾಲ್ಕು ಯೂನಿಟ್ಟಿನ ಒಂದು ಅಕೌಂಟಿಂಗ್ ಕೋರ್ಸಿಗೆ 184 ಡಾಲರ್ ಆಯಿತು. ಡಿ ಆಂಜಾದಲ್ಲಿ ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್, ಅಲ್ಲಿ ಯೂನಿಟ್‌ಗೆ 31 ಡಾಲರ್, ಐದು ಯೂನಿಟ್ಟಿನ ಕೋರ್ಸಿಗೆ 155. ಪಾರ್ಕಿಂಗು, ಹೆಲ್ತ್ ಫೀ ಅಂತ ಚಿಲ್ಲರೆ ಬೇರೆ ಸೇರುತ್ತದೆ. ಆದರೆ "ನಿವಾಸಿ" ಅನ್ನೋ ಪದದ ಮೇಲೆ ಕಣ್ಣಿಡಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದ ಮೇಲೆ ಒಂದು ದಿನ ಇದ್ದೀರಿ, ಇಲ್ಲೇ ಇರುವ ಉದ್ದೇಶ ಇದೆ ಅಂತ ಕಾಗದ ತೋರಿಸಬೇಕು. ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಇರುವವರಿಗೂ ಈ ದರ ಸಿಗುತ್ತದೆ, ವಿದ್ಯಾರ್ಥಿ ವೀಸಾ ಎಫ್-1ನವರಿಗೆ ಸಿಗೋದಿಲ್ಲ. ನಿವಾಸಿ ಅಲ್ಲ ಅಂತಾದರೆ ಅದೇ ಕೋರ್ಸಿಗೆ ಹಲವು ಪಟ್ಟು ಜಾಸ್ತಿ ಕಟ್ಟಬೇಕು. ಅದಕ್ಕೇ ಅಮೆರಿಕಕ್ಕೆ ಬಂದ ದಿನದಿಂದಲೇ ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟು, ಡ್ರೈವಿಂಗ್ ಲೈಸೆನ್ಸು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ಬನ್ನಿ.

ಎಚ್-4ನವರಿಗೆ ಇನ್ನೊಂದು ಮಾತು. ಓದೋದಕ್ಕೆ ಪರವಾನಗಿ ಬೇಕಿಲ್ಲ, ದುಡಿಯೋದಕ್ಕೆ ಬೇಕು. 2015ರ ಮೇ ತಿಂಗಳಿಂದ ಕೆಲವರಿಗೆ ಎಚ್-4 ಇಎಡಿ ಅನ್ನೋ ಕೆಲಸದ ಪರವಾನಗಿ ಕಾರ್ಡು ಸಿಗುತ್ತಿದೆ, ಆದರೆ ಎಲ್ಲರಿಗೂ ಅಲ್ಲ, ಗಂಡನದೋ ಹೆಂಡತಿಯದೋ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಪಾಸಾಗಿರಬೇಕು ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಆ ಕಾರ್ಡು ಬರುವವರೆಗೆ ಮನೆಯಲ್ಲಿ ಕೂತು ಕೊರಗುವ ಕಾಲವನ್ನೇ ಓದಿಗೆ ಇಟ್ಟುಕೊಂಡರೆ ಲಾಭ. ನಾನು ಹಾಗೇ ಮಾಡಿದ್ದು.

ಈಗ ಮುಖ್ಯ ವಿಷಯ, ಏನು ಓದಬೇಕು. ಅಸೋಸಿಯೇಟ್ ಡಿಗ್ರಿ, ಅಂದರೆ ಈ ಕಾಲೇಜು ಕೊಡುವ ಎರಡು ವರ್ಷದ ಡಿಗ್ರಿ, 60 ಸೆಮಿಸ್ಟರ್ ಯೂನಿಟ್. ಅದರಲ್ಲಿ ಇಂಗ್ಲಿಷ್, ವಿಜ್ಞಾನ, ಇತಿಹಾಸ ಎಲ್ಲ ಬರುತ್ತದೆ. ಊರಿನ ಡಿಗ್ರಿ ಈಗಾಗಲೇ ಇದ್ದರೆ ಇದೆಲ್ಲ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ. ಕೌನ್ಸೆಲರ್ ಹತ್ತಿರ ಹೋದರೆ ಅವರು ಅಭ್ಯಾಸಬಲದಿಂದ ಡಿಗ್ರಿ ಪ್ಲಾನೇ ಮಾಡಿಕೊಡುತ್ತಾರೆ, ತಲೆ ಆಡಿಸಿ ಬನ್ನಿ, ಆಮೇಲೆ ಸರ್ಟಿಫಿಕೇಟ್ ಕೋರ್ಸುಗಳ ಪಟ್ಟಿ ನೀವೇ ನೋಡಿ. ಮೊದಲ ಕೆಲಸಕ್ಕೆ ಬೇಕಾಗೋದು ಇಷ್ಟೇ. ಫೈನಾನ್ಷಿಯಲ್ ಅಕೌಂಟಿಂಗ್, ಮ್ಯಾನೇಜೀರಿಯಲ್ ಅಕೌಂಟಿಂಗ್ (ಕಂಪನಿಯೊಳಗಿನ ನಿರ್ಧಾರಗಳಿಗೆ ಬೇಕಾದ ಲೆಕ್ಕ), ಎಕ್ಸೆಲ್, ಕ್ವಿಕ್‌ಬುಕ್ಸ್ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಪೇರೋಲ್ (ಸಂಬಳದ ಲೆಕ್ಕ), ಸಾಧ್ಯವಾದರೆ ಒಂದು ಟ್ಯಾಕ್ಸ್ ಕೋರ್ಸ್. ಮನೆ ಮಕ್ಕಳು ನೋಡಿಕೊಂಡು ಸಲಕ್ಕೆ ಎರಡೆರಡು ತಗೊಂಡರೂ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ.

"ಫೈನಾನ್ಷಿಯಲ್ ಅಕೌಂಟಿಂಗ್ ನಾವು ಪಿಯುಸಿಯಲ್ಲೇ ಓದಿದ್ದೀವಿ, ಅದನ್ನ ಬಿಟ್ಟುಬಿಡ್ತೀನಿ" ಅನ್ನುವವರೇ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಕ್ವಿಜ್‌ನಲ್ಲೇ ಗೊತ್ತಾಯಿತು. ನಮ್ಮಲ್ಲಿ ಬ್ಯಾಲೆನ್ಸ್ ಶೀಟ್ ಬರೆಯುವಾಗ ಎಡಗಡೆ ಸಾಲ, ಬಲಗಡೆ ಆಸ್ತಿ ಅಂತ ಕಲಿಸಿದ್ದರು ಅಲ್ವಾ, ಇಲ್ಲಿ ಸರೀ ಉಲ್ಟಾ, ಎಡಗಡೆ ಆಸ್ತಿ, ಅದರಲ್ಲೂ ಕ್ಯಾಷ್ ಎಲ್ಲಕ್ಕಿಂತ ಮೇಲೆ. ನಾವು ಸಂಡ್ರಿ ಡೆಟರ್ಸ್ ಅನ್ನೋದು, ಅಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ, ಇಲ್ಲಿ ಅಕೌಂಟ್ಸ್ ರಿಸೀವಬಲ್. ಸ್ಟಾಕ್ ಅಂದರೆ ನಮಗೆ ಗೋಡೌನಿನಲ್ಲಿರುವ ಮಾಲು, ಇವರಿಗೆ ಷೇರು, ಮಾಲಿಗೆ ಇವರ ಹೆಸರು ಇನ್ವೆಂಟರಿ. ಲಕ್ಷ ಇಲ್ಲ, ಕೋಟಿ ಇಲ್ಲ, ಅಲ್ಪವಿರಾಮ ಮೂರು ಮೂರು ಅಂಕಿಗೆ. ವರ್ಷ ಬಹುಪಾಲು ಕಂಪನಿಗಳಿಗೆ ಜನವರಿಯಿಂದ ಡಿಸೆಂಬರ್. ಪರ್ಸನಲ್, ರಿಯಲ್, ನಾಮಿನಲ್ ಅಂತ ಮೂರು ಥರ ಖಾತೆ, ಮೂರು ಸೂತ್ರ ಬಾಯಿಪಾಠ ಮಾಡಿದ್ದೆವಲ್ಲ, ಆ ಹೆಸರುಗಳನ್ನು ಇಲ್ಲಿ ಹೇಳಿದರೆ ಯಾರಿಗೂ ಗೊತ್ತಾಗೋದಿಲ್ಲ. ಒಳಗಿನ ತರ್ಕ ಒಂದೇ, ಭಾಷೆ ಬೇರೆ. ಇಂಟರ್‌ವ್ಯೂನಲ್ಲಿ ಕೇಳೋದು ಆ ಭಾಷೆಯಲ್ಲೇ. ಅದಕ್ಕೆ ಆ ಕೋರ್ಸು ಬಿಡಬೇಡಿ.

ಕಾಮರ್ಸ್ ಓದದೇ ಬಂದವರಿಗೆ, ಅಂದರೆ ಬಿ.ಎಸ್‌ಸಿ., ಬಿ.ಎ. ಮಾಡಿದವರಿಗೆ, ಎಲ್ಲಕ್ಕಿಂತ ಮೊದಲು ತಲೆ ಕೆಡಿಸೋದು ಡೆಬಿಟ್ ಮತ್ತು ಕ್ರೆಡಿಟ್. ಇದಕ್ಕೆ ಕಾರಣ ಬ್ಯಾಂಕಿನ ಮೆಸೇಜು. ಸಂಬಳ ಬಂದ ದಿನ "ನಿಮ್ಮ ಖಾತೆಗೆ ಇಷ್ಟು ಕ್ರೆಡಿಟ್ ಆಗಿದೆ" ಅಂತ ಬರುತ್ತದೆ, ಹಾಗಾಗಿ ಕ್ರೆಡಿಟ್ ಅಂದರೆ ದುಡ್ಡು ಬರೋದು ಅಂತ ತಲೆಯಲ್ಲಿ ಕೂತಿದೆ. ಕ್ಲಾಸಿಗೆ ಬಂದರೆ ಮೇಡಂ ಕ್ಯಾಷ್ ಬಂದರೆ ಡೆಬಿಟ್ ಅನ್ನುತ್ತಾರೆ. ಎರಡೂ ಸರಿ. ಬ್ಯಾಂಕಿನವರು ಹೇಳೋದು ಅವರ ಪುಸ್ತಕದ ಮಾತು. ನಿಮ್ಮ ದುಡ್ಡು ಅವರ ಹತ್ತಿರ ಇದ್ದರೆ ಅದು ಅವರು ನಿಮಗೆ ಕೊಡಬೇಕಾದ ಬಾಕಿ, ಬಾಕಿ ಜಾಸ್ತಿಯಾದರೆ ಅವರ ಲೆಕ್ಕದಲ್ಲಿ ಕ್ರೆಡಿಟ್. ಅದೇ ದುಡ್ಡು ನಿಮ್ಮ ಪುಸ್ತಕದಲ್ಲಿ ನಿಮ್ಮ ಆಸ್ತಿ, ಆಸ್ತಿ ಜಾಸ್ತಿಯಾದರೆ ಡೆಬಿಟ್. ಯಾರ ಪುಸ್ತಕ ಅಂತ ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ನನ್ನ ಅಪ್ಪ ದಾವಣಗೆರೆಯಲ್ಲಿ ಒಂದು ಮಂಡಿಯ ಗುಮಾಸ್ತರಾಗಿದ್ದರು. ಸಂಜೆ ಕೂತು ಅವತ್ತಿನ ವ್ಯವಹಾರವನ್ನೆಲ್ಲ ಕಿರ್ದಿಯಲ್ಲಿ ಬರೆಯೋರು, ಆಮೇಲೆ ಅದನ್ನು ಒಬ್ಬೊಬ್ಬ ರೈತ, ಒಬ್ಬೊಬ್ಬ ವ್ಯಾಪಾರಿಯ ಹೆಸರಿಗೆ ಖತಾವಣಿಗೆ ಏರಿಸೋರು. ಅಮೆರಿಕದ ಪಾಠದ ಮೂರನೇ ಅಧ್ಯಾಯದ ಜರ್ನಲ್ಲು, ಲೆಡ್ಜರು ಅಂದರೆ ಅದೇ ಕಿರ್ದಿ, ಅದೇ ಖತಾವಣಿ. ಉದ್ರಿ ಕೊಟ್ಟಿದ್ದು ರಿಸೀವಬಲ್, ಉದ್ರಿ ತಂದಿದ್ದು ಪೇಯಬಲ್. ಫೋನಿನಲ್ಲಿ ಹೇಳಿದಾಗ ಅಪ್ಪ "ಇದಕ್ಕೆ ಡಾಲರ್ ಕೊಟ್ಟು ಓದಬೇಕಿತ್ತಾ" ಅಂತ ನಕ್ಕರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಾರದಾ ಅಂತ ಒಬ್ಬರು ಚಕ್ಕುಲಿ ಕೋಡುಬಳೆ ವ್ಯಾಪಾರ ಶುರು ಮಾಡಿದ್ದಾರೆ ಅಂದುಕೊಳ್ಳಿ. ಡಿಸೆಂಬರ್ 20ಕ್ಕೆ ಇಂಡಿಯನ್ ಸ್ಟೋರಿಗೆ 300 ಡಾಲರಿನ ಮಾಲು ಉದ್ರಿ ಕೊಟ್ಟರು, ದುಡ್ಡು ಬಂದಿದ್ದು ಜನವರಿ 15ಕ್ಕೆ. ಈ ಆದಾಯ ಯಾವ ವರ್ಷದ್ದು? ಮನೆ ಲೆಕ್ಕದಲ್ಲಿ ದುಡ್ಡು ಕೈಗೆ ಬಂದಾಗ ಆದಾಯ, ಅದು ಕ್ಯಾಷ್ ಪದ್ಧತಿ. ಕಾಲೇಜಿನಲ್ಲಿ ಕಲಿಸೋದು, ಕಂಪನಿಗಳು ಬರೆಯೋದು ಅಕ್ರೂಯಲ್ ಪದ್ಧತಿ. ಮಾಲು ಕೊಟ್ಟ ದಿನವೇ ಆದಾಯ, ಆದ್ದರಿಂದ ಅದು ಡಿಸೆಂಬರಿನದು. ಹಾಗೇ ಜನವರಿ ಒಂದರಂದು ಇಡೀ ವರ್ಷದ ಇನ್ಶೂರೆನ್ಸಿಗೆ 600 ಡಾಲರ್ ಕಟ್ಟಿದರೆ ಜನವರಿಯ ಖರ್ಚು 600 ಅಲ್ಲ, 50 ಮಾತ್ರ. ಉಳಿದ 550 ಇನ್ನೂ ಅನುಭವಿಸದ ಆಸ್ತಿ, ಅದಕ್ಕೆ ಪ್ರಿಪೇಯ್ಡ್ ಅಂತ ಹೆಸರು, ತಿಂಗಳಿಗೆ ಐವತ್ತರಂತೆ ಕರಗುತ್ತದೆ. ತಿಂಗಳ ಕೊನೆಯಲ್ಲಿ ಇಂಥವನ್ನೆಲ್ಲ ಸರಿಪಡಿಸುವ ಎಂಟ್ರಿಗಳಿಗೆ ಅಡ್ಜಸ್ಟಿಂಗ್ ಎಂಟ್ರಿ ಅನ್ನುತ್ತಾರೆ. ಆಫೀಸಿನಲ್ಲಿ "ಮಂತ್ ಎಂಡ್ ಕ್ಲೋಸ್" ಅಂತ ಎಲ್ಲರೂ ಮುಖ ಗಂಟು ಹಾಕಿಕೊಂಡು ಓಡಾಡುವ ನಾಲ್ಕೈದು ದಿನ ಇರುತ್ತದಲ್ಲ, ಆ ದಿನಗಳ ಮುಖ್ಯ ಕೆಲಸಗಳಲ್ಲಿ ಇದೊಂದು. ಇಡೀ ಕೋರ್ಸಿನಲ್ಲಿ ಯಾವುದಾದರೂ ಒಂದನ್ನು ಎರಡು ಸಲ ಓದೋದಾದರೆ ಈ ಅಧ್ಯಾಯ ಓದಿ.

ಇನ್ನೊಂದು ಬ್ಯಾಂಕ್ ರಿಕನ್ಸಿಲಿಯೇಷನ್. ನಮ್ಮ ಮಾತಲ್ಲಿ ತಾಳೆ ನೋಡೋದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದರೆ ಶುರುವಿನ ಕೆಲಸದ ರುಚಿ ಇದರಲ್ಲೇ ಇದೆ.

ಶಾರದಾ ಅವರ ಪುಸ್ತಕದ ಪ್ರಕಾರ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ 8,412 ಡಾಲರ್ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟು 8,940 ಅನ್ನುತ್ತದೆ. ಯಾರದ್ದು ತಪ್ಪು? ಇನ್ನೂ ಹೇಳಕ್ಕಾಗಲ್ಲ. ಬಾಡಿಗೆಗೆ ಕೊಟ್ಟ 650ರ ಚೆಕ್ಕನ್ನು ಓನರ್ ಇನ್ನೂ ಬ್ಯಾಂಕಿಗೆ ಹಾಕಿಲ್ಲ, ಅದನ್ನು ಬ್ಯಾಂಕಿನ ಕಡೆ ಕಳೆಯಿರಿ. ಕೊನೆ ದಿನ ಸಂಜೆ ಹಾಕಿದ 200 ಡಾಲರ್ ಮರುದಿನ ಸೇರಿದೆ, ಅದನ್ನು ಕೂಡಿಸಿ. ಬ್ಯಾಂಕಿನ ಕಡೆ 8,490 ಆಯಿತು. ಈಗ ಪುಸ್ತಕದ ಕಡೆ ಬನ್ನಿ. ಬ್ಯಾಂಕು ಸುಮ್ನೆ 12 ಡಾಲರ್ ಸರ್ವಿಸ್ ಚಾರ್ಜ್ ಮುರಿದುಕೊಂಡಿದೆ, ಅದನ್ನು ಬರೆದಿರಲಿಲ್ಲ. 8,400 ಆಯಿತು. ಇನ್ನೂ 90 ಡಾಲರ್ ವ್ಯತ್ಯಾಸ.

ಇಲ್ಲಿ ಹಳೇ ಗುಮಾಸ್ತರ ಒಂದು ಉಪಾಯ ಇದೆ. ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ ಅಂತ ಅನುಮಾನ ಪಡಬೇಕು. 90 ಭಾಗ ಹೋಗುತ್ತದೆ. ಚೆಕ್ಕುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಅಕ್ಕಿಹಿಟ್ಟಿನವರಿಗೆ ಕೊಟ್ಟ ಚೆಕ್ಕು 450, ಪುಸ್ತಕದಲ್ಲಿ ಬರೆದದ್ದು 540. ಸಿಕ್ಕಿತು. 90 ವಾಪಸ್ ಕೂಡಿಸಿದರೆ ಪುಸ್ತಕವೂ 8,490. ಆ ಕ್ಷಣದ ಖುಷಿ ಇದೆಯಲ್ಲ, ಅದು ನಿಮಗೆ ಹತ್ತಿದರೆ ಈ ಕೆಲಸ ನಿಮಗೆ ಹೊಂದುತ್ತದೆ. "ತೊಂಬತ್ತು ಡಾಲರ್ ತಾನೇ, ಬಿಡು" ಅನಿಸಿದರೆ ಬೇರೆ ಕೋರ್ಸ್ ನೋಡಿಕೊಳ್ಳೋದು ಒಳ್ಳೇದು, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮೊದಲ ಹಂತದ ಅಕೌಂಟ್ಸ್ ಕೆಲಸ ಅಂದರೆ ಬಹುಪಾಲು ತಾಳೆ ನೋಡೋದೇ. ಕೂಡೋದು ಕಳೆಯೋದು ಕಂಪ್ಯೂಟರ್ ಮಾಡುತ್ತದೆ. ನನ್ನ ಟೇಬಲ್ಲಿನ ಒಂದು ದಿನದ ಕೆಲಸ ಹೇಳುತ್ತೇನೆ. ನಮ್ಮ ಕಂಪನಿ, ಒಂದು ಕುರ್ಚಿಗೆ 85 ಡಾಲರಿನಂತೆ, 40 ಕುರ್ಚಿಗೆ ಪರ್ಚೇಸ್ ಆರ್ಡರ್ ಕೊಟ್ಟಿದೆ. ಸಪ್ಲೈಯರ್ 40 ಕುರ್ಚಿಗೆ 3,400 ಡಾಲರಿನ ಇನ್‌ವಾಯ್ಸ್ ಕಳಿಸಿದ್ದಾನೆ. ಗೋಡೌನಿನವರ ಚೀಟಿ ನೋಡಿದರೆ ಬಂದಿರೋದು 38. ಆರ್ಡರು, ಮಾಲು ಬಂದ ಚೀಟಿ, ಇನ್‌ವಾಯ್ಸು, ಈ ಮೂರೂ ಹೊಂದಿದರೆ ಮಾತ್ರ ದುಡ್ಡು, ಇದಕ್ಕೆ ತ್ರೀ ವೇ ಮ್ಯಾಚ್ ಅನ್ನುತ್ತಾರೆ. ಈಗ ನಾನು ಸಪ್ಲೈಯರಿಗೆ ಬರೆದು 170 ಡಾಲರಿನ ಕ್ರೆಡಿಟ್ ಮೆಮೋ (ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ) ತರಿಸಬೇಕು, ಬಾಕಿ 3,230 ಕಟ್ಟಬೇಕು. ಇನ್‌ವಾಯ್ಸ್ ಕೆಳಗೆ "2/10 ನೆಟ್ 30" ಅಂತ ಇದ್ದರೆ, ಹತ್ತು ದಿನದೊಳಗೆ ಕಟ್ಟಿದರೆ ನೂರಕ್ಕೆ ಎರಡು ಬಿಡುತ್ತಾರೆ, ಇಲ್ಲದಿದ್ದರೆ ಮೂವತ್ತು ದಿನದೊಳಗೆ ಪೂರ್ತಿ ಕಟ್ಟಬೇಕು ಅಂತ ಅರ್ಥ. ಇಲ್ಲಿ ಅದು 64 ಡಾಲರ್ 60 ಸೆಂಟ್. ಕ್ರೆಡಿಟ್ ಮೆಮೋ ಬರೋದು ಹನ್ನೊಂದನೇ ದಿನ ಆದರೆ ಆ ದುಡ್ಡು ಹೋಯಿತು. ಹಾಗಾಗಿ ಈ ಕೆಲಸದಲ್ಲಿ ಗಣಿತಕ್ಕಿಂತ ಜಾಸ್ತಿ ಬೇಕಾಗೋದು ಮರ್ಯಾದೆಯಾಗಿ, ಆದರೆ ಬಿಡದೆ ಇಮೇಲ್ ಬರೆಯುವ ಬುದ್ಧಿ. ಕಾಲೇಜಿನ ಬಿಸಿನೆಸ್ ಕಮ್ಯೂನಿಕೇಷನ್ ಕೋರ್ಸು ದಂಡ ಅಂತ ಬಿಟ್ಟಿದ್ದೆ, ಅದೊಂದು ತಪ್ಪು ಮಾಡಿದೆ.

ಪೇರೋಲ್ ಕೋರ್ಸು ಬೋರು, ಆದರೆ ಸಣ್ಣ ಆಫೀಸುಗಳು ಇದನ್ನೇ ಕೇಳುತ್ತವೆ. ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿಗೆ (ಸರ್ಕಾರದ ಪಿಂಚಣಿ) ಶೇ. 6.2, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ. 1.45 ಕೆಲಸಗಾರನಿಂದ ಮುರಿಯುತ್ತಾರೆ, ಅಷ್ಟನ್ನೇ ಮಾಲೀಕನೂ ತನ್ನ ಕಡೆಯಿಂದ ಸೇರಿಸಿ ಕಟ್ಟಬೇಕು. ಕೆಲಸಕ್ಕೆ ಸೇರುವಾಗ ಡಬ್ಲ್ಯು-4 (ಎಷ್ಟು ತೆರಿಗೆ ಮುರಿಯಬೇಕು ಅನ್ನೋ ಫಾರಂ), ವರ್ಷ ಮುಗಿದ ಮೇಲೆ ಡಬ್ಲ್ಯು-2 (ವರ್ಷದ ಸಂಬಳ, ಮುರಿದ ತೆರಿಗೆಯ ಚೀಟಿ), ಹೊರಗಿನ ಗುತ್ತಿಗೆದಾರರಿಂದ ಮೊದಲೇ ಡಬ್ಲ್ಯು-9 (ಅವರ ಹೆಸರು, ತೆರಿಗೆ ನಂಬರಿನ ಫಾರಂ). ಈ ಕೊನೆಯದನ್ನು ದುಡ್ಡು ಕೊಡುವ ಮುಂಚೆ ಇಸಿದುಕೊಳ್ಳಬೇಕು, ಕೊಟ್ಟ ಮೇಲೆ ಅವರು ಫೋನೇ ಎತ್ತೋದಿಲ್ಲ. ಜನವರಿಯಲ್ಲಿ 1099 (ಗುತ್ತಿಗೆದಾರರಿಗೆ ಕೊಟ್ಟ ದುಡ್ಡಿನ ಲೆಕ್ಕದ ಫಾರಂ) ಕಳಿಸುವಾಗ ಒದ್ದಾಡಬೇಕಾಗುತ್ತದೆ.

ಕ್ವಿಕ್‌ಬುಕ್ಸ್ ಇಲ್ಲಿನ ಟ್ಯಾಲಿ ಅಂತ ತಿಳಿಯಿರಿ, ಸಣ್ಣ ವ್ಯಾಪಾರಗಳಲ್ಲಿ ಬಹಳ ಕಡೆ ಅದೇ. ಊರಲ್ಲಿ ಟ್ಯಾಲಿ ಮಾಡಿದವರಿಗೆ ಎರಡು ವಾರದಲ್ಲಿ ಕೈ ಕೂರುತ್ತದೆ. ಎಕ್ಸೆಲ್‌ನಲ್ಲಿ ರಾಶಿ ಅಂಕಿಗಳನ್ನು ಗುಂಪು ಮಾಡಿ ತೋರಿಸುವ ಪಿವಟ್ ಟೇಬಲ್ಲು, ಒಂದು ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಎಕ್ಸ್‌ಲುಕಪ್ಪು ಬರಲೇಬೇಕು, ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ಕೊಟ್ಟು ಮಾಡಿಸಿ ನೋಡುವವರೂ ಇದ್ದಾರೆ.

ಓದು ಆಯಿತು, ಅನುಭವ? "ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ" ಅನ್ನೋ ಗೋಳು ಇಲ್ಲಿಯೂ ಇದೆ. ಇದಕ್ಕೆ ನಾನು ಕಂಡ ಒಳ್ಳೆಯ ದಾರಿ ವೀಟಾ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನಡೆಸುವ ಸ್ವಯಂಸೇವೆಯ ಕಾರ್ಯಕ್ರಮ ಅದು, ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡೋದು. ಹಲವು ಕಮ್ಯೂನಿಟಿ ಕಾಲೇಜುಗಳಲ್ಲಿ ಅದರ ಕೇಂದ್ರ ಇರುತ್ತದೆ. ಚಳಿಗಾಲದಲ್ಲಿ ತರಬೇತಿ, ಐಆರ್‌ಎಸ್‌ನ ಪರೀಕ್ಷೆ ಪಾಸಾಗಬೇಕು, ಆಮೇಲೆ ಏಪ್ರಿಲ್ ಮಧ್ಯದವರೆಗೆ ಶನಿವಾರಗಳಲ್ಲಿ ಕೂರೋದು. ಎದುರಿಗೆ ಕೂತವರು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದ ಕಾಗದಗಳಲ್ಲಿ ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ಹುಡುಕುವಾಗ ಕಲಿಯೋದು ಪುಸ್ತಕದಲ್ಲಿ ಸಿಗೋದಿಲ್ಲ. ನನ್ನ ರೆಸ್ಯೂಮೆಯಲ್ಲಿ ಇಂಟರ್‌ವ್ಯೂ ಮಾಡಿದವರು ಬೆರಳಿಟ್ಟು ಕೇಳಿದ್ದು ಅದನ್ನೇ, ಬಿ.ಕಾಂ. ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಇಎಡಿ ಇಲ್ಲದವರು ಒಂದು ಎಚ್ಚರ ಇಟ್ಟುಕೊಳ್ಳಿ. ಲಾಭಕ್ಕಾಗಿ ನಡೆಯುವ ಕಂಪನಿಯಲ್ಲಿ "ಸಂಬಳ ಇಲ್ಲದ ಇಂಟರ್ನ್‌ಶಿಪ್" ಅಂದರೂ ಅದು ಕೆಲಸ ಅಂತ ಲೆಕ್ಕಕ್ಕೆ ಬರಬಹುದು, ವೀಸಾಕ್ಕೆ ತೊಂದರೆ. ವಕೀಲರನ್ನು ಕೇಳದೆ ಒಪ್ಪಬೇಡಿ.

ಸಂಬಳದ ವಿಷಯ ಮುಚ್ಚಿಡೋದು ಬೇಡ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋದ 2023ರ ಮೇ ತಿಂಗಳ ಲೆಕ್ಕದಲ್ಲಿ ಬುಕ್‌ಕೀಪಿಂಗ್ ಮತ್ತು ಅಕೌಂಟಿಂಗ್ ಕ್ಲರ್ಕುಗಳ ಮಧ್ಯದ ಸಂಬಳ ವರ್ಷಕ್ಕೆ 47,440 ಡಾಲರ್, ಅಂದರೆ ಅರ್ಧ ಜನಕ್ಕೆ ಇದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಜಾಸ್ತಿ. ಅಕೌಂಟೆಂಟ್ ಮತ್ತು ಆಡಿಟರುಗಳದ್ದು 79,880. ಬೇ ಏರಿಯಾದ ಬಾಡಿಗೆ ಮುಂದೆ ಮೊದಲನೆಯದು ದೊಡ್ಡ ಮೊತ್ತವಲ್ಲ. ಮೇಲಾಗಿ ಕ್ಲರ್ಕ್ ಕೆಲಸಗಳು ಮುಂದಿನ ಹತ್ತು ವರ್ಷದಲ್ಲಿ ಕಡಿಮೆಯಾಗುತ್ತವೆ ಅಂತ ಅದೇ ಬ್ಯೂರೋದ ಅಂದಾಜು. ಇನ್‌ವಾಯ್ಸ್ ನೋಡಿ ಟೈಪ್ ಮಾಡುವ ಕೆಲಸವನ್ನು ಈಗ ಸಾಫ್ಟ್‌ವೇರೇ ಮಾಡುತ್ತಿದೆ, ನನ್ನ ಕಣ್ಣೆದುರೇ. ಉಳಿಯೋದು ಹೊಂದದೇ ಇರುವ ಬಿಲ್ಲುಗಳು. ಒಂದೇ ಇನ್‌ವಾಯ್ಸು ಒಂದು ಸಲ 1047 ಅಂತ, ಇನ್ನೊಂದು ಸಲ 01047 ಅಂತ ಬಂದರೆ ಬೇರೆ ಬೇರೆ ಅಂದುಕೊಂಡು ಎರಡು ಸಲ ದುಡ್ಡು ಕಟ್ಟಲು ಹೊರಡುವ ಸಾಫ್ಟ್‌ವೇರ್ ಇನ್ನೂ ಇದೆ, ಅಲ್ಲಿ ಮನುಷ್ಯರ ಕಣ್ಣು ಬೇಕು. ಟೈಪಿಂಗ್ ಸ್ಪೀಡ್ ನಂಬಿಕೊಂಡು ಈ ಕಡೆ ಬರಬೇಡಿ.

ಹಾಗಾದರೆ ಮುಂದೆ? ಡಿಗ್ರಿ ಇದ್ದವರು ಸಿಪಿಎ, ಅಂದರೆ ನಮ್ಮ ಸಿಎ ಥರದ ಲೈಸೆನ್ಸು, ಆ ಕಡೆ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೇಕಾದ ಅಕೌಂಟಿಂಗ್ ಯೂನಿಟ್ಟುಗಳಲ್ಲಿ ಕಮ್ಯೂನಿಟಿ ಕಾಲೇಜಿನ ಯೂನಿಟ್ಟುಗಳೂ ಲೆಕ್ಕಕ್ಕೆ ಬರುತ್ತವೆ. ಇಂಟರ್ಮೀಡಿಯಟ್ ಅಕೌಂಟಿಂಗ್, ಆಡಿಟಿಂಗ್ ಕೂಡ ಇಂಥ ಕೆಲವು ಕಾಲೇಜುಗಳಲ್ಲಿ ಅದೇ ಕಡಿಮೆ ಫೀಸಿಗೆ ಸಿಗುತ್ತದೆ. ಅದರ ನಿಯಮಗಳು ಈಚೆಗೆ ಬದಲಾಗುತ್ತಿವೆ, ಅದಕ್ಕೇ ಕ್ಯಾಲಿಫೋರ್ನಿಯಾ ಬೋರ್ಡ್ ಆಫ್ ಅಕೌಂಟೆನ್ಸಿಯ ಸೈಟನ್ನೇ ನೋಡಿ, ವಾಟ್ಸ್‌ಆ್ಯಪ್ ಗುಂಪಿನ ಮಾತು ನಂಬಬೇಡಿ. ಟ್ಯಾಕ್ಸ್ ಇಷ್ಟ ಆದರೆ ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಎದುರು ಗಿರಾಕಿಗಳ ಪರ ನಿಲ್ಲಬಲ್ಲ ತೆರಿಗೆ ತಜ್ಞ) ಆಗೋದಕ್ಕೆ ಐಆರ್‌ಎಸ್‌ನ ಮೂರು ಭಾಗದ ಪರೀಕ್ಷೆ ಇದೆ, ಅದಕ್ಕೆ ಡಿಗ್ರಿಯೇ ಬೇಡ. ಅದೂ ಬೇಡ, ಮೊದಲು ಸಣ್ಣದಾಗಿ ಶುರು ಮಾಡೋಣ ಅಂದರೆ ರಿಟರ್ನ್ ತುಂಬಿಕೊಡುವವರನ್ನು ನೋಂದಾಯಿಸುವ ಕ್ಯಾಲಿಫೋರ್ನಿಯಾದ ಸಿಟಿಇಸಿ ಸಂಸ್ಥೆ ಇದೆ, 60 ಗಂಟೆಯ ಕೋರ್ಸು ಮುಗಿಸಿ 5,000 ಡಾಲರಿನ ಬಾಂಡ್ (ಗಿರಾಕಿಗೆ ನಷ್ಟವಾದರೆ ತುಂಬಿಕೊಡುವ ಗ್ಯಾರಂಟಿ) ತಗೊಂಡು ನೋಂದಣಿ ಮಾಡಿಸಿದರೆ ದುಡ್ಡು ತಗೊಂಡು ಬೇರೆಯವರ ರಿಟರ್ನ್ ತುಂಬಬಹುದು. ಬಾಂಡಿಗೆ ಅಷ್ಟೂ ದುಡ್ಡು ಇಡಬೇಕಿಲ್ಲ, ಇನ್ಶೂರೆನ್ಸಿನ ಹಾಗೆ ಒಂದು ಸಣ್ಣ ಪ್ರೀಮಿಯಂ ಕಟ್ಟಿದರೆ ಆಯಿತು.

ಸೇರುವವರಿಗೆ ಕೆಲವು ಚಿಲ್ಲರೆ ಮಾತು. ಹೊಸ ಪಠ್ಯಪುಸ್ತಕ ಕೋರ್ಸಿನ ಫೀಸಿಗಿಂತ ತುಟ್ಟಿ ಬೀಳಬಹುದು, ಕ್ಲಾಸಿನ ಪಟ್ಟಿಯಲ್ಲಿ "ಜೀರೋ ಟೆಕ್ಸ್ಟ್‌ಬುಕ್ ಕಾಸ್ಟ್" ಅಂತ ಗುರುತು ಇರುವ ಸೆಕ್ಷನ್ ಹುಡುಕಿ. ಮೊದಲ ಅಕೌಂಟಿಂಗ್ ಕೋರ್ಸನ್ನು ಸಾಧ್ಯವಾದರೆ ಆನ್‌ಲೈನ್ ಬೇಡ, ಕ್ಲಾಸಿಗೇ ಹೋಗಿ, ಪಕ್ಕದವರ ಪೇಪರ್ ನೋಡುತ್ತಾ ಬಗ್ಗಿ ಕೇಳುವಷ್ಟು ಸುಲಭ ಆನ್‌ಲೈನಲ್ಲಿಲ್ಲ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಫಾಫ್ಸಾ ಅನ್ನೋ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ ಹಾಕದೇ ಇರಬೇಡಿ, ಆದಾಯ ಕಡಿಮೆ ಇದ್ದರೆ ಫೀಸೇ ಮಾಫಿ ಆಗಬಹುದು. ಮತ್ತೆ ಡ್ರಾಪ್ ಡೇಟು. ಕ್ಲಾಸು ಸರಿಹೋಗಲಿಲ್ಲ ಅಂದರೆ ದುಡ್ಡು ವಾಪಸ್ ಸಿಗೋ ತಾರೀಖು ಒಂದು, ಟ್ರಾನ್ಸ್‌ಕ್ರಿಪ್ಟಿನಲ್ಲಿ "ಡಬ್ಲ್ಯು" (ಕೋರ್ಸು ಅರ್ಧಕ್ಕೆ ಬಿಟ್ಟರು ಅನ್ನುವ ಗುರುತು) ಬೀಳದ ಹಾಗೆ ಬಿಡೋ ತಾರೀಖು ಇನ್ನೊಂದು, ಎರಡನ್ನೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿಡಿ. ನಾನು ಮಗಳ ಜ್ವರದ ಗಲಾಟೆಯಲ್ಲಿ ಒಂದೇ ಒಂದು ದಿನ ತಪ್ಪಿಸಿದೆ. ಆ ಡಬ್ಲ್ಯು ಇನ್ನೂ ಅಲ್ಲೇ ಕೂತಿದೆ, ಪೇರೋಲ್ ಕೋರ್ಸಿನ ಎದುರಿಗೆ.